ಹೇಳಿದ ಮಾತು ಕೇಳದ ಕೂದಲು

ಎಫ್ರೆನ್ ಕೂತಲ್ಲಿ ಕೂರುವ ಜೀವವಲ್ಲ. ನಮ್ಮ ತಿಬಾವ್ ಊರಿನ ಹೆಂಗಸರೆಲ್ಲ ಅವನ ಪಾರ್ಲರಿನ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂತೆದ್ದಿದ್ದಾರೆ. ಅವನು ಮಾತ್ರ ಅದರಲ್ಲಿ ಕೂತದ್ದನ್ನು ಕಂಡವರಿಲ್ಲ. ಒಬ್ಬಳ ತಲೆಗೆ ಮದ್ದು ಹಚ್ಚುತ್ತ, ಇನ್ನೊಬ್ಬಳ ಉಗುರಿಗೆ ಬಣ್ಣ ಬಳಿಯುತ್ತ, ಬೀದಿಯಲ್ಲಿ ಹೋಗುವ ಟ್ರೈಸಿಕಲ್ಲಿನವನನ್ನು ಕೂಗಿ ಕರೆದು ರೇಗಿಸುತ್ತ, ಸೊಂಟ ಬಳುಕಿಸಿಕೊಂಡು ಓಡಾಡುತ್ತಲೇ ಇರುತ್ತಾನೆ. ಗಂಡಾಗಿ ಹುಟ್ಟಿ ಹೀಗೆ ಬದುಕುತ್ತಾನಲ್ಲ ಎಂದು ಊರು ಒಂದು ಕಾಲಕ್ಕೆ ಮೂಗು ಮುರಿದಿತ್ತು. ಆಮೇಲೆ ಮೂಗು ಮುರಿದವರ ಮನೆಯ ಮದುವಣಗಿತ್ತಿಯರಿಗೂ ಅವನೇ ಬೇಕಾದ, ಅವರ ಮನೆಯ ಹೆಣಗಳಿಗೂ ಅವನೇ ಬೇಕಾದ. ಸತ್ತವರ ಮುಖಕ್ಕೆ ಪೌಡರು ಹಚ್ಚಿ, ತಲೆ ಬಾಚಿ, ನಿದ್ದೆ ಹೋದವರ ಹಾಗೆ ಮಾಡುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ.

ಪಾರ್ಲರಿನ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ಮೂರು ಇಂಗ್ಲಿಷ್ ಮಾತುಗಳಿದ್ದವು. ಸಾಫ್ಟ್, ಸ್ಟ್ರೇಟ್, ಮ್ಯಾನೇಜಬಲ್. ಶಾಂಪೂ ಬಾಟಲಿಯಿಂದ ಎತ್ತಿದ್ದು. ಮೊದಲಿನ ಎರಡು ಯಾರಿಗಾದರೂ ಗೊತ್ತಾಗುತ್ತವೆ. ಮೂರನೆಯದರ ಅರ್ಥವನ್ನು ಅವನು ಅಕ್ಕನ ಹತ್ತಿರ ಕೇಳಿ ತಿಳಿದುಕೊಂಡಿದ್ದ.

"ಹೇಳಿದ ಹಾಗೆ ಕೇಳೋದು, ಹಿಡಿದ್ರೆ ಕೈಗೆ ಸಿಗೋದು," ಎಂದಿದ್ದಳು ಲೂರ್ದೆಸ್. "ನಿನಗಂತೂ ಸಂಬಂಧ ಇಲ್ಲದ ಮಾತು, ಟೊಟೊ."

ಟೊಟೊ ಅಂದರೆ ತಮ್ಮ, ಮನೆಯ ಚಿಕ್ಕ ಹುಡುಗ. ಐವತ್ತರ ಹತ್ತಿರ ಬಂದರೂ ಅವನು ಅವಳಿಗೆ ಟೊಟೊನೇ. ಅವಳು ಅವನಿಗೆ ಮನಾಂಗ್. ಲೂರ್ದೆಸ್ ಪ್ರೈಮರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಟೀಚರು. ಅವಳ ತರಗತಿಯಲ್ಲಿ ಓದಿದವರಿಗೆಲ್ಲ ಒಂದು ಪಾಠ ಇವತ್ತಿಗೂ ನಾಲಿಗೆಯ ತುದಿಯಲ್ಲಿದೆ. ಎಮ್ಮೆ ಡೋಸೈಲ್, ಮಗು ಒಬೀಡಿಯೆಂಟ್, ಕೂದಲು ಮ್ಯಾನೇಜಬಲ್. ಕೋಲಿನಿಂದ ಮೇಜು ಕುಟ್ಟಿ ಕುಟ್ಟಿ ಹೇಳಿಸುತ್ತಿದ್ದಳು. ಹಿಡಿತಕ್ಕೆ ಸಿಗುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಮಾತುಗಳಿವೆಯೋ ಅಷ್ಟೂ ಅವಳಿಗೆ ಇಷ್ಟ. ಮಕ್ಕಳ ಅಂಕಪಟ್ಟಿಯ ಮೇಲೆ ಅವುಗಳಲ್ಲಿ ಒಂದನ್ನು ಬರೆದಳೆಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಅವಳ ಹತ್ತಿರ ಇರಲಿಲ್ಲ.

ಇಂಥ ಅಕ್ಕತಮ್ಮಂದಿರ ತಾಯಿ ಬಸಿಲಿಸಾ ಆತಿಗಳ ಪೈಕಿ. ಬೆಟ್ಟದ ಕಡೆಯವರು, ಕಪ್ಪು ಬಣ್ಣ, ಸುರುಳಿ ಸುರುಳಿ ಕೂದಲು. ಚರ್ಚಿನ ಮೆಟ್ಟಿಲ ಬಳಿ ಬೇರು, ತೊಗಟೆ, ಮೈಕೈ ನೋವಿನ ಎಣ್ಣೆ ಹರವಿಕೊಂಡು ಕೂರುವ ಹೆಂಗಸರನ್ನು ನೋಡಿದ್ದೀರಲ್ಲ, ಬಸಿಲಿಸಾಳೂ ಹಾಗೇ ಕೂತವಳು. ಸಕ್ಕರೆ ಮಿಲ್ಲಿನ ಒಬ್ಬ ಫಿಟ್ಟರು ಸೊಂಟನೋವಿಗೆ ಎಣ್ಣೆ ಕೊಳ್ಳಲು ಬಂದ, ಮತ್ತೆ ಬಂದ, ಸೊಂಟ ನೆಟ್ಟಗಾದ ಮೇಲೂ ಬಂದ, ಕೊನೆಗೆ ಅವಳನ್ನೇ ಕರೆದುಕೊಂಡು ಹೋದ. ಮಕ್ಕಳಿಗೆ ಬಣ್ಣ ಅಪ್ಪನದು ಬಂತು, ಕೂದಲು ತಾಯಿಯದು ಬಂತು. ಶಾಲೆಯಲ್ಲಿ ಹುಡುಗರು "ಏ ಆತಿ, ತಲೆ ಮೇಲೆ ಹಕ್ಕಿಗೂಡು ಯಾಕೋ ಇಟ್ಕೊಂಡಿದೀಯ" ಎಂದು ಪೆನ್ಸಿಲ್ ಚುಚ್ಚಿ, ಅದು ಬೀಳದೆ ನಿಂತದ್ದನ್ನು ನೋಡಿ ಕೇಕೆ ಹಾಕುತ್ತಿದ್ದರು.

ಎಫ್ರೆನ್ ಕೂದಲಿನ ಕೆಲಸ ಕಲಿತದ್ದೇ ಆ ಸಂಕಟಕ್ಕೆ. ಮೊದಲು ಅಕ್ಕನ ತಲೆ ನೆಟ್ಟಗೆ ಮಾಡಿದ. ವರ್ಷಕ್ಕೆರಡು ಸಲ, ಬಾಗಿಲು ಹಾಕಿಕೊಂಡು, ಮದ್ದು ಹಚ್ಚಿ, ತೊಳೆದು, ಎಳೆ ಎಳೆಯಾಗಿ ಇಸ್ತ್ರಿ ಒತ್ತಿ, ಮತ್ತೆ ಮದ್ದು ಹಚ್ಚಿ. ಈ ವಿಷಯ ಅವಳ ಗಂಡನಿಗೂ ಮಗ ಜೋಯೆಲ್‌ಗೂ ಗೊತ್ತಿರಲಿಲ್ಲ ಎಂದರೆ ನಂಬಬೇಕು. ತನ್ನ ತಲೆಗೆ ಮಾತ್ರ ಮದ್ದು ಆಗಿಬರಲಿಲ್ಲ. ಬುರುಡೆ ಸುಟ್ಟು ಬೊಬ್ಬೆ ಎದ್ದಿತು. ಹಾಗಾಗಿ ದಿನಾ ಬೆಳಿಗ್ಗೆ ಇಸ್ತ್ರಿ. ಊರು ಏಳುವುದರೊಳಗೆ ಅವನ ಕೂದಲು ಕುತ್ತಿಗೆಯ ಮೇಲೆ ನೆಟ್ಟಗೆ ಇಳಿದಿರುತ್ತಿತ್ತು.

ಪಾರ್ಲರಿನ ಹಿಂದಿನ ಕೋಣೆಯಲ್ಲೇ ಇದ್ದ ಬಸಿಲಿಸಾ ಇದನ್ನು ನೋಡಿ ನೋಡಿ ನಗುತ್ತಿದ್ದಳು. "ನಿನ್ನೆ ಇಸ್ತ್ರಿ ಹಾಕಿದ್ದು ಇವತ್ತು ಮುದುರಿತು. ಇವತ್ತು ಹಾಕಿದ್ದು ನಾಳೆ ಮುದುರತ್ತೆ. ನಿನ್ನ ತಲೆಯೇನು ಪಾದ್ರಿಗಳ ನಿಲುವಂಗಿನಾ?"

"ಸುಮ್ನಿರು ನಾನಾಯ್. ನಿಂಗೂ ಹಾಕ್ತೀನಿ, ಬಾ ಇಲ್ಲಿ," ಎಂದು ತಾಯಿಯನ್ನು ರೇಗಿಸುತ್ತಿದ್ದ ಎಫ್ರೆನ್.

"ನನ್ನ ತಲೆ ತಂಟೆಗೆ ಬರಬೇಡ," ಎನ್ನುತ್ತಿದ್ದಳು. ಕಾಯಿಲೆ ಬಿದ್ದ ಮೇಲೆ ಒಂದು ಸಲ ಅದನ್ನೇ ನಗದೆ ಹೇಳಿದಳು. "ಅಲ್ಲಿಗೆ ಹೋದಾಗ ನಮ್ಮಮ್ಮ ನನ್ನನ್ನ ಹುಡುಕ್ತಾಳೆ. ನಾನು ಅವಳನ್ನ ಬಿಟ್ಟು ಬಂದಾಗ ಹದಿನಾರು. ಈ ಮುಖ ಅವಳಿಗೆ ಗೊತ್ತಾಗಲ್ಲ. ತಲೆ ನೋಡಿದ್ರೆ ಗೊತ್ತಾಗತ್ತೆ. ಮುಟ್ಟಬೇಡ, ಟೊಟೊ."

ಎಫ್ರೆನ್ ಆಗಲಿ ಎಂದಿದ್ದ. ಸಾಯುವವರ ಮುಂದೆ ಆಗುವುದಿಲ್ಲ ಎಂದು ಯಾರು ಹೇಳುತ್ತಾರೆ?

ಮಳೆಗಾಲ ಜೋರಾಗಿದ್ದಾಗ ಬಸಿಲಿಸಾ ತೀರಿಕೊಂಡಳು. ಹೆಣ ಕೆಡದಂತೆ ಮದ್ದು ಹಾಕುವ ನೊನೊಯ್ ತನ್ನ ಕೆಲಸ ಮುಗಿಸಿ, "ಇನ್ನು ತಲೆ ಮುಖ ನಿಂದು ಎಫ್ರೆನ್, ಬೇಗ ಮುಗಿಸು, ಪೆಟ್ಟಿಗೆ ಗಾಜು ಮುಚ್ಚಬೇಕು," ಎಂದು ಹೊರಗೆ ಸಿಗರೇಟು ಹಚ್ಚಿಕೊಂಡ. ಎಫ್ರೆನ್ ಬಾಚಣಿಗೆ ಎತ್ತಿಕೊಂಡನೋ ಇಲ್ಲವೋ, ಲೂರ್ದೆಸ್ ಬಂದು ಎದುರಿಗೆ ನಿಂತಳು. ಅತ್ತು ಅತ್ತು ಕಣ್ಣು ಊದಿತ್ತು. ಆದರೂ ಬುದ್ಧಿ ಎಲ್ಲಿರಬೇಕೋ ಅಲ್ಲೇ ಇತ್ತು.

"ನೆಟ್ಟಗೆ ಮಾಡು," ಎಂದಳು.

"ಬೇಡ ಅಂದಿದ್ಲು, ಮನಾಂಗ್."

"ನೀನು ನನ್ನ ಮಾತು ಕೇಳು. ಮಣ್ಣು ಮಾಡೋ ಹಿಂದಿನ ದಿನ ಸಂಜೆ ದೋನ್ಯಾ ಅಂಪಾರೊ ಬರ್ತಾರೆ. ಜೋಯೆಲ್‌ಗೆ ಹುಡುಗಿ ಕೊಡೋ ಮನೆ ಅದು. ಅವರು ಅಮ್ಮನ್ನ ಯಾವತ್ತೂ ನೋಡಿಲ್ಲ, ಅವಳ ಕಡೆಯವರು ಸ್ಪೇನಿನ ರಕ್ತದವರು ಅಂತ ಹೇಳಿಬಿಟ್ಟಿದೀನಿ. ಬಣ್ಣನ ನಿನ್ನ ಪೌಡರು ಮುಚ್ಚತ್ತೆ, ಈಗ ಬಂದು ಇದನ್ನ ನೋಡಿದ್ರೆ?"

"ಇದನ್ನ ಅಂದ್ರೆ? ಅದು ನಮ್ಮಮ್ಮ."

"ನಂಗೆ ಪಾಠ ಹೇಳಬೇಡ. ನೀನು ದಿನಾ ಬೆಳಿಗ್ಗೆ ಯಾಕೆ ಇಸ್ತ್ರಿ ಒತ್ಕೋತೀಯ, ಅದನ್ನ ಮೊದಲು ಹೇಳು."

ಎಫ್ರೆನ್ ಇಸ್ತ್ರಿ ಬಿಸಿ ಮಾಡಿದ. ಮದ್ದು ಹಚ್ಚಿದ್ದರೆ ಕೂದಲು ಮಣ್ಣಲ್ಲಿ ಹೋಗುವವರೆಗೂ ನೆಟ್ಟಗೇ ಇರುತ್ತಿತ್ತು. ಮದ್ದಿಗೆ ಅರ್ಧ ದಿನ ಬೇಕು, ನೊನೊಯ್ ಅಷ್ಟು ಹೊತ್ತು ಕಾಯುವುದಿಲ್ಲ, ಅದಕ್ಕೇ ಬರಿಯ ಇಸ್ತ್ರಿ ಎಂದು ತನಗೆ ತಾನೇ ಹೇಳಿಕೊಂಡ. ನಿಜವಾಗಿ ಅದಕ್ಕೇನಾ, ಇಲ್ಲ ಮದ್ದಿನ ಡಬ್ಬಿಯತ್ತ ಕೈ ಹೋಗಲಿಲ್ಲವಾ, ಅವನಿಗೂ ಗೊತ್ತಿಲ್ಲ. ಎಳೆ ಎಳೆಯಾಗಿ ಒತ್ತುವಾಗ ಸುಟ್ಟ ವಾಸನೆ ಬಂತು. ತಾಯಿ ಅಪರಿಚಿತ ಹೆಂಗಸಿನ ಹಾಗೆ ಕಾಣತೊಡಗಿದಳು. ಲೂರ್ದೆಸ್ ನೋಡಿ ತಲೆಯಾಡಿಸಿದಳು, ನೊನೊಯ್ ಬಂದು ಗಾಜು ಮುಚ್ಚಿದ.

ಮಣ್ಣು ಮಾಡುವ ಮುಂಚೆ ನಮ್ಮಲ್ಲಿ ಕೆಲವು ದಿನ ಹೆಣದ ಕಾವಲು ಕೂರುತ್ತಾರೆ. ಪೆಟ್ಟಿಗೆಯನ್ನು ಇಟ್ಟದ್ದು ಪಾರ್ಲರಿನಲ್ಲೇ. ಇರುವ ಮನೆಯಲ್ಲಿ ದೊಡ್ಡ ಜಾಗ ಅದೊಂದೇ. ಸಾವಿನ ಮನೆಯಲ್ಲಿ ಕನ್ನಡಿ ಬಿಟ್ಟಿರಬಾರದು ಎಂದು ಗೋಡೆಯ ಕನ್ನಡಿಗಳಿಗೆಲ್ಲ ಬಿಳಿಯ ಚಾದರ ಹೊದಿಸಿದರು. ಸಮಾಧಿಯಾಗುವ ತನಕ ಆ ಮನೆಯೊಳಗೆ ಗುಡಿಸುವಂತಿಲ್ಲ, ಸ್ನಾನ ಮಾಡುವಂತಿಲ್ಲ, ತಲೆ ಬಾಚುವಂತಿಲ್ಲ. ಬಾಚಿದರೆ ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ ಎನ್ನುತ್ತಾರೆ. ಸತ್ತವರನ್ನು ಒಂಟಿಯಾಗಿ ಬಿಡುವ ಹಾಗೂ ಇಲ್ಲ. ಲೂರ್ದೆಸ್‌ಗೆ ಬೇರೆ ಮನೆಯಿತ್ತು. ಅಲ್ಲಿ ಮಿಂದು, ಬಾಚಿಕೊಂಡು, ಇಲ್ಲಿಗೆ ಬರುತ್ತಿದ್ದಳು. ಎಫ್ರೆನ್‌ಗೆ ಇದೇ ಮನೆ, ಇದೇ ಅಂಗಡಿ.

ಆ ದಿನಗಳಲ್ಲಿ ಅವನನ್ನು ನೋಡಬೇಕಿತ್ತು. ಕಾಲು ಸುಟ್ಟ ಬೆಕ್ಕು ಅನ್ನುತ್ತಾರಲ್ಲ, ಹಾಗೆ. ಬಂದವರಿಗೆ ಕಾಫಿ ಕೊಟ್ಟ, ಬಿಸ್ಕತ್ತು ಕೊಟ್ಟ, ಕಡಲೆಕಾಯಿ ತಟ್ಟೆ ಖಾಲಿಯಾಗುವ ಮೊದಲೇ ತುಂಬಿಸಿದ. ಹೊರಗೆ ಟಾರ್ಪಾಲಿನ ಕೆಳಗೆ ಇಸ್ಪೀಟು ಆಡುವವರ ಹತ್ತಿರ ಹೋಗಿ ನಿಂತ, ಎಲೆ ನೋಡಿದ, ವಾಪಸು ಬಂದ. ಯಾರದಾದರೂ ತಲೆ ಕೆದರಿದ್ದು ಕಂಡರೆ ಬೆರಳು ತಾನಾಗಿ ಅತ್ತ ಹೋಗುತ್ತಿತ್ತು. ನೆನಪಾಗಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಪೆಟ್ಟಿಗೆಯ ಕಡೆ ಮಾತ್ರ ನೋಡುತ್ತಿರಲಿಲ್ಲ. ಗಾಜಿನ ಕೆಳಗೆ ನೆಟ್ಟಗೆ ಕೂದಲು ಬಿಟ್ಟುಕೊಂಡು ಮಲಗಿದ್ದವಳು ಬೇರೆ ಯಾರೋ. ಇವಳನ್ನು ಅವಳಮ್ಮ ಹೇಗೆ ಗುರುತಿಸಬೇಕು?

ಪಕ್ಕದ ಮನೆಯ ಚೆದಿಂಗ್ ಕೊನೆಗೆ ಅವನನ್ನು ಹೊರಗೆ ದಬ್ಬಿದಳು. "ನಾತ ಹೊಡೀತಾ ಇದೀಯ ಕಣೋ. ನಾನು ಕೂತಿರ್ತೀನಿ, ನಮ್ಮನೇಲಿ ಹೋಗಿ ತಲೆಗೆ ನೀರು ಹಾಕ್ಕೊಂಡು ಬಾ."

ಅವನು ಹೋಗಿ ನೀರು ಸುರಿದುಕೊಂಡ. ಚೆದಿಂಗಳ ಮನೆಯಲ್ಲಿ ಕೂದಲಿನ ಇಸ್ತ್ರಿ ಎಲ್ಲಿ ಬರಬೇಕು? ಬಟ್ಟೆಯ ಇಸ್ತ್ರಿ ಇತ್ತು, ಅದನ್ನು ಒಂದು ಗಳಿಗೆ ನೋಡಿ ನಿಂತಿದ್ದನಂತೆ, ಆಮೇಲೆ ತನ್ನ ಮೇಲೇ ಅಸಹ್ಯಪಟ್ಟುಕೊಂಡು ಬಂದುಬಿಟ್ಟ. ಒಣಗುತ್ತ ಒಣಗುತ್ತ ಅವನ ಕೂದಲು ಒಂದೊಂದೇ ಸುರುಳಿಯಾಗಿ ಮೇಲೆದ್ದಿತು. ಟಾರ್ಪಾಲಿನ ಕೆಳಗೆ ಇಸ್ಪೀಟು ನಿಂತಿತು.

"ಇಷ್ಟು ವರ್ಷ ಈ ತಲೆನ ಎಲ್ಲಿ ಬಚ್ಚಿಟ್ಟಿದ್ಯೋ?" ಎಂದಳು ಚೆದಿಂಗ್.

"ನಿನ್ನ ಗಂಡನ ಹತ್ರ ಕೊಟ್ಟಿದ್ದೆ, ಹೋಗಿ ಕೇಳು," ಎಂದ ಎಫ್ರೆನ್. ಎಲ್ಲರೂ ನಕ್ಕರು. ಅವನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು. ಮುಟ್ಟಿ ನೋಡಿಕೊಳ್ಳುತ್ತಿದ್ದ, ಬಿಡುತ್ತಿದ್ದ. ಕನ್ನಡಿ ನೋಡೋಣವೆಂದರೆ ಸುತ್ತ ಚಾದರ.

ಅದೇ ಸಂಜೆ ನಗು ನಿಂತ ಮೇಲೆ ಚೆದಿಂಗ್ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ ನೋಡಿ, ಮೆಲ್ಲಗೆ ಕರೆದಳು. "ಎಫ್ರೆನ್, ಇಲ್ಲಿ ಬಾ. ಇವರದ್ದೂ ಏಳ್ತಾ ಇದೆ."

ಅವನು ಗಾಜಿನ ಮೇಲೆ ಬಗ್ಗಿದ. ಮಳೆಗಾಲದ ಗಾಳಿ ಗಾಜಿನಡಿಗೂ ಹೊಕ್ಕಿತ್ತು. ಹಣೆಯ ಮೇಲಿನ ಕೂದಲು ಆಗಲೇ ಸುತ್ತಿಕೊಂಡಿತ್ತು, ಕಿವಿಯ ಹತ್ತಿರದ್ದು ಸುತ್ತಿಕೊಳ್ಳುತ್ತಿತ್ತು. ಮುಖ ಮತ್ತೆ ಗುರುತಿನದಾಗುತ್ತಿತ್ತು. ಎಫ್ರೆನ್ ಅಲ್ಲೇ ಕುಸಿದು ಪೆಟ್ಟಿಗೆಯ ಕಾಲಿಗೆ ಹಣೆ ಹಚ್ಚಿ ಅತ್ತುಬಿಟ್ಟ. ತಾಯಿ ಸತ್ತ ಮೇಲೆ ಅತ್ತದ್ದು ಅದೇ ಮೊದಲು. ಕಣ್ಣೀರು ಪೆಟ್ಟಿಗೆಯ ಮೇಲೆ ಬೀಳಬಾರದೆಂದು ಚೆದಿಂಗ್ ಅವನ ಭುಜ ಹಿಡಿದು ಈಚೆಗೆ ಎಳೆದಳು.

ಲೂರ್ದೆಸ್ ಬಂದವಳು ನೋಡಿದಳು, ಹೋದಳು, ಮರುದಿನ ಮತ್ತೆ ಬಂದಾಗ ಪೂರ್ತಿ ಸುರುಳಿ. ಅವಳು ತಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಏನಿದು?"

"ಮಳೆ, ಮನಾಂಗ್. ನಾನೇನು ಮಾಡ್ಲಿ."

"ನೀನು ಮದ್ದು ಹಚ್ಚಿಲ್ಲ. ನೆಟ್ಟಗೆ ಮಾಡು ಅಂದ್ರೆ ಬರೀ ಇಸ್ತ್ರಿ ಒತ್ತಿದೀಯ, ಮದ್ದು ಹಚ್ಚಿಲ್ಲ."

"ಹಚ್ಚಿಲ್ಲ."

"ಹಾಗಾದ್ರೆ ಈಗ ಹಚ್ಚು. ನೊನೊಯ್‌ಗೆ ಹೇಳಿದೀನಿ. ನಾಳೆ ಬೆಳಿಗ್ಗೆ ಬಂದು ಗಾಜು ತೆಗೀತಾನೆ. ಸಂಜೆಗೆ ದೋನ್ಯಾ ಬರ್ತಾರೆ, ಅಷ್ಟರಲ್ಲಿ ಆಗತ್ತೆ."

ಮುಚ್ಚಿದ ಗಾಜನ್ನು ಮತ್ತೆ ತೆಗೆಯುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ. ಹಾಗೆ ಮಾಡಿದವರ ಮನೆಯಲ್ಲಿ ಏನಾಯಿತು ಎಂದು ಮುದುಕಿಯರು ಕತೆಗಳನ್ನೇ ಹೇಳುತ್ತಾರೆ. ನೊನೊಯ್ ಒಪ್ಪಿದ್ದೂ ಟೀಚರ್ ಮಾತು ಮೀರಲಾರದೆ. ಅವನೂ ಅವಳ ತರಗತಿಯಲ್ಲಿ ಎಮ್ಮೆ ಡೋಸೈಲ್ ಎಂದು ಕಿರುಚಿ ಬೆಳೆದವನೇ.

"ಬಂದವರಿಗೆಲ್ಲ ಆತಿ ಕೂದಲು ಅಂತ ಕಾಣತ್ತೆ," ಎಂದಳು ಲೂರ್ದೆಸ್. "ಹುಡುಗಿ ಕಡೆಯವರು ಬೇಡ ಅಂದ್ರೆ ಜೋಯೆಲ್ ಏನು ಮಾಡಬೇಕು ಹೇಳು? ಅವನೇನು ತಪ್ಪು ಮಾಡಿದಾನೆ? ನಿನಗೇನು, ಹೆಂಡತಿಯಾ ಮಕ್ಕಳಾ. ನಾನು ಈ ಊರಲ್ಲಿ ಮುಖ ಎತ್ತಿ ನಡೆಯೋಕೆ ಎಷ್ಟು ಸತ್ತಿದೀನಿ ನಿನಗೆ ಗೊತ್ತಿಲ್ವಾ ಟೊಟೊ? ನಿನಗೇ ಗೊತ್ತಿಲ್ಲದಿದ್ರೆ ಇನ್ಯಾರಿಗೆ ಗೊತ್ತಿರತ್ತೆ?"

ಗೊತ್ತಿತ್ತು. ಅವಳ ತಲೆಯ ಒಂದೊಂದು ಎಳೆಯೂ ಅವನ ಕೈಯಲ್ಲಿ ಹಾದುಹೋಗಿತ್ತು. ತಾಯಿಯ ಕಾಯಿಲೆಯ ಗಡಿಬಿಡಿಯಲ್ಲಿ ಈ ಸಲ ಅವಳು ಮದ್ದು ಹಚ್ಚಿಸಿಕೊಳ್ಳಲು ಬಂದಿರಲಿಲ್ಲ. ಬೈತಲೆಯ ಎರಡು ಬದಿಗೂ ಬುಡದಲ್ಲಿ ಸಣ್ಣ ಸಣ್ಣ ಸುರುಳಿ ಎದ್ದಿದ್ದು ಅವನಿಗೆ ಅಡುಗೆಮನೆಯ ಮಂದ ಬೆಳಕಲ್ಲೂ ಕಾಣುತ್ತಿತ್ತು. ಕೋಪ ಎಲ್ಲಿ ಹೋಯಿತೋ, ಪಾಪ ಅನ್ನಿಸಿತು. ಆದರೆ ತಾಯಿಯ ಮಾತೂ ಇತ್ತು.

"ಒಂದು ಸಲ ನಿನ್ನ ಮಾತು ಕೇಳಿದೆ," ಎಂದ. "ಇನ್ನೊಂದು ಸಲ ಆಗಲ್ಲ, ಮನಾಂಗ್. ಅವಳು ತಾನಾಗಿ ವಾಪಸು ಬಂದಿದಾಳೆ. ಮತ್ತೆ ಎಲ್ಲಿಗೂ ಕಳಿಸಲ್ಲ."

"ನೀನು ಮಾಡದಿದ್ರೆ ಪಟ್ಟಣದಿಂದ ಕರೆಸ್ತೀನಿ."

"ಕರೆಸು. ಪೆಟ್ಟಿಗೆ ಮೇಲೆ ಮಲಗಿರ್ತೀನಿ. ಗಾಜು ತೆಗೆಯೋಕೆ ಮೊದಲು ನನ್ನನ್ನ ತೆಗೀಬೇಕಾಗತ್ತೆ."

ಅವಳು ಅವನ ಮುಖವನ್ನೇ ನೋಡಿದಳು. ತಲೆಯ ತುಂಬ ತಾಯಿಯ ಕೂದಲು ಹೊತ್ತುಕೊಂಡು ನಿಂತಿದ್ದ ಮುಖ. ಹೊರಟುಹೋದಳು. ಬೆಳಿಗ್ಗೆ ನೊನೊಯ್ ಬಂದು ಬಾಗಿಲಲ್ಲೇ ತಲೆ ಕೆರೆದುಕೊಂಡು ನಿಂತ. ಎಫ್ರೆನ್ ಅವನಿಗೆ ಕಾಫಿ ಕುಡಿಸಿ ವಾಪಸು ಕಳಿಸಿದ. ಪಟ್ಟಣದಿಂದ ಯಾರೂ ಬರಲಿಲ್ಲ. ಆದರೂ ಇಡೀ ಹಗಲು ಅವನು ಪ್ರತಿ ಗಾಡಿಯ ಸದ್ದಿಗೂ ಎದ್ದು ಬಾಗಿಲಿಗೆ ಓಡುತ್ತಿದ್ದ.

ಸಂಜೆ ಬಂದ ಗಾಡಿ ದೋನ್ಯಾ ಅಂಪಾರೊ ಅವರದು. ಕಬ್ಬಿನ ತೋಟಗಳ ಒಡತಿ, ಅದಕ್ಕೇ ಎಲ್ಲರ ಬಾಯಲ್ಲೂ ದೋನ್ಯಾ, ದೊಡ್ಡಮ್ಮನವರು; ಎಂಬತ್ತು ದಾಟಿದವರು, ಕೈಯಲ್ಲಿ ಜಪಮಾಲೆ, ಕಣ್ಣು ಇನ್ನೂ ಚುರುಕು. ಲೂರ್ದೆಸ್ ಅವರ ಕೈ ಹಿಡಿದು ಒಳಗೆ ಕರೆತಂದಳು. ಕೂರಿಸಿ ಮಾತಿಗೆಳೆಯಲು ನೋಡಿದಳು, ಹವೆಯ ಸುದ್ದಿ ತೆಗೆದಳು, ದಾರಿಯ ಸುದ್ದಿ ತೆಗೆದಳು. ಮುದುಕಿ ಕೇಳಬೇಕಲ್ಲ. ನೇರ ಪೆಟ್ಟಿಗೆಯ ಹತ್ತಿರ ನಡೆದರು. ಬಗ್ಗಿ ಗಾಜಿನೊಳಗೆ ಬಹಳ ಹೊತ್ತು ನೋಡಿದರು. ಶಿಲುಬೆಯ ಗುರುತು ಮಾಡಿಕೊಂಡು ತಲೆ ಎತ್ತಿದರೆ ಎದುರಿಗೆ ಎಫ್ರೆನ್. ಅವನ ತಲೆಯನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಲೂರ್ದೆಸಳತ್ತ ತಿರುಗಿದರು.

"ಒಳ್ಳೆ ಕೂದಲು," ಎಂದರು. ಅದರಲ್ಲಿ ಕುಹಕವಿತ್ತೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. "ಮಕ್ಕಳಿಗೂ ಬಂದಿದೆ ಅನ್ನಿ. ನಿಮಗೂ ಇದೆಯಾ, ಟೀಚರ್?"

ಲೂರ್ದೆಸಳ ಕೈ ಬೈತಲೆಯ ಕಡೆಗೆ ಹೊರಟಿತು, ಅರ್ಧಕ್ಕೇ ನಿಂತಿತು.

"ಇಲ್ಲ ದೋನ್ಯಾ," ಎಂದಳು. "ಇವನೊಬ್ಬನಿಗೇ. ನಾನು ತಂದೆ ಹಾಗೆ."

ಎಫ್ರೆನ್ ಅಕ್ಕನನ್ನು ನೋಡಿದ. ಅವನ ಒಂದು ಮಾತು ಸಾಕಿತ್ತು. ಮಾತೂ ಬೇಕಿರಲಿಲ್ಲ, ಅವಳ ತಲೆಯ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು. ಆ ಬಾಯಿ ಊರಲ್ಲಿ ಯಾರನ್ನೂ ಬಿಟ್ಟದ್ದಲ್ಲ. ಚೆದಿಂಗ್ ಕಾಯುತ್ತಿದ್ದಳು.

"ಹೌದು ದೋನ್ಯಾ," ಎಂದ ಎಫ್ರೆನ್. "ನನಗೊಬ್ಬನಿಗೇ ಕೊಟ್ಟಿದ್ದು."

ಕಾಫಿ ತರುತ್ತೇನೆ ಎಂದು ಒಳಗೆ ಹೋದ ಲೂರ್ದೆಸ್ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಎಫ್ರೆನ್ ಹೋಗಿ ನೋಡಿದ. ಅವಳು ನೀರಿನ ಹಂಡೆಯ ಪಕ್ಕ ನೆಲದ ಮೇಲೆ ಕೂತು, ಸದ್ದು ಹೊರಗೆ ಹೋಗದಂತೆ ಸೆರಗಿನಂತಿದ್ದ ಕಪ್ಪು ಶಾಲನ್ನು ಬಾಯಿಗೆ ತುರುಕಿಕೊಂಡಿದ್ದಳು.

"ನೀನು ಹೇಳಿಬಿಡಬಹುದಿತ್ತು," ಎಂದಳು. "ಯಾಕೆ ಹೇಳಲಿಲ್ಲ?"

"ಅದು ನಾನು ಹೇಳೋ ಮಾತಲ್ಲ, ಮನಾಂಗ್."

"ನಾಳೆ ಅವಳನ್ನ ಮಣ್ಣಿಗೆ ಕಳಿಸಿಬಿಡ್ತಾರೆ ಟೊಟೊ. ನಾನು ಅವಳೆದುರಿಗೇ ಅವಳ ಮಗಳಲ್ಲ ಅಂದುಬಿಟ್ಟೆ."

ಅವನು ಪಕ್ಕದಲ್ಲಿ ಕೂತು ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು, ಬುಡದಲ್ಲಿ ಎದ್ದಿದ್ದ ಸುರುಳಿಗಳ ಮೇಲೆ ಸುಮ್ಮನೆ ಬೆರಳಾಡಿಸಿದ. ಹೊರಗಿನಿಂದ ಯಾರೋ ಕಾಫಿ ಕೇಳಿದರು. ಲೂರ್ದೆಸ್ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎಫ್ರೆನ್ ಎದ್ದು, ಕಪ್ಪುಗಳಿಗೆ ಕಾಫಿ ಬಗ್ಗಿಸಿ, ತಟ್ಟೆ ಹಿಡಿದುಕೊಂಡು ಅವಳಿಲ್ಲದೆಯೇ ಹೊರಗೆ ಹೋದ.